ಬೆನ್ನು ಮುಂದಾಗಿ ಹೊಗುವ ಕೋಣೆ

ಸಂಸೋನನಿಗೆ ಕೂದಲಿನಿಂದ ಹೆಸರು ಬಂತು, ದಾವೀದನಿಗೆ ಕವಣೆಯಿಂದ. ನಮ್ಮ ದ್ವೀಪದ ಟ್ರಿಲಾನಿ ಗುಡ್ಡಗಳ ಇಸಿಲ್ಡಾ ಡಿಹೇನಿಗೆ ಹೆಸರು ಬಂದದ್ದು ಬೆನ್ನಿನಿಂದ. ಪೇಷನ್ಸ್ ಹಾಲ್ ಎಂಬ ದೊಡ್ಡ ಮನೆಯ ಮಹಡಿಯಲ್ಲಿ ಪೂರ್ವಕ್ಕೊಂದು ಮಲಗುವ ಕೋಣೆ ಇದೆ. ಮಂತ್ರಿಗಳು, ರಾಯಭಾರಿಗಳು, ಹಡಗಿನಿಂದ ಇಳಿದು ಬಂದ ಪ್ರವಾಸಿಗಳು, ಎಲ್ಲರೂ ಅದನ್ನು ಒಬ್ಬೊಬ್ಬರಾಗಿ ಮೂಗು ಮುಂದಾಗಿಯೇ ಹೊಕ್ಕಿದ್ದಾರೆ. ಮಿಸ್ ಇಸಿಲ್ಡಾ ಮಾತ್ರ ಇಪ್ಪತ್ತು ವರ್ಷ ಕಾಲ, ಮಳೆಯಿರಲಿ ಬಿಸಿಲಿರಲಿ, ಬಾಗಿಲ ಬಳಿ ಬಂದು, ಗಂಭೀರವಾಗಿ ತಿರುಗಿ ನಿಂತು, ಒಮ್ಮೆ ಉಸಿರೆಳೆದುಕೊಂಡು, ಬೆನ್ನು ಮುಂದಾಗಿ ಒಳಹೋಗುತ್ತಿದ್ದರು.

ಇಂಥದ್ದನ್ನು ಊರು ಸುಮ್ಮನೆ ಬಿಡುತ್ತದೆಯೇ? ಅಂಗಡಿಯ ಯುರಾಯನ ಪ್ರಕಾರ, ದೆವ್ವಕ್ಕೆ ಮುಖ ತೋರಿಸಿದರೆ ಅದು ಹೆಸರು ಹಿಡಿದು ಕರೆಯುತ್ತದೆ. ಬೆನ್ನು ತೋರಿಸಿದರೆ ಯಾರೋ ಹೊರಗೆ ಹೋಗುತ್ತಿದ್ದಾರೆ ಎಂದುಕೊಂಡು ಸುಮ್ಮನಿರುತ್ತದೆ. ನಮ್ಮ ಪಾದ್ರಿ ಇದರ ಮೇಲೆ ಒಂದು ಭಾನುವಾರದ ಪ್ರಸಂಗವನ್ನೇ ಕಟ್ಟಿದರು: ಲೋಟನ ಹೆಂಡತಿ ಹಿಂದಿರುಗಿ ನೋಡಿ ಉಪ್ಪಿನ ಕಂಬವಾದಳು, ಇಸಿಲ್ಡಾ ಮುಂದೆ ನೋಡದೆಯೇ ಬದುಕಿಕೊಂಡಳು. ಪ್ರವಾಸಿಗಳಿಗೆ ಮನೆ ತೋರಿಸುವ ಕೆಲಸದ ಕ್ಲೋವಿಸ್ ಮಿನಾಟ್ ಇದು ಮುನ್ನೂರು ವರ್ಷದ ಅರಮನೆ ಮರ್ಯಾದೆ ಎಂದು ಸಾರಿದ. ಅವನ ಮಾತು ನಂಬಿ ಕೆನಡಾದ ಗೃಹಸ್ಥರೊಬ್ಬರು ತಾವೂ ಬೆನ್ನು ಮುಂದಾಗಿ ಹೊಕ್ಕು, ಪಿಂಗಾಣಿಯ ಬೋಗುಣಿಯ ಮೇಲೆ ಕೂತು, ಅದನ್ನು ಎರಡು ಮಾಡಿದರು.

ಇಸಿಲ್ಡಾ ಅವರನ್ನೇ ಕೇಳೋಣ ಎಂಬ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಒಳ್ಳೆಯ ಕಥೆ ಕೈಯಲ್ಲಿದ್ದಾಗ ಅದನ್ನು ಯಾರು ಕೆಡಿಸಿಕೊಳ್ಳುತ್ತಾರೆ.

ಅವರು ಆ ಮನೆಯ ಕೆಲಸಕ್ಕೆ ಬಂದದ್ದು ಹದಿನಾರರ ಹುಡುಗಿಯಾಗಿ. ಮನೆ ಕಟ್ಟಿಸಿದವರು ಸಕ್ಕರೆಯ ಕಾಲದ ಬಿಳಿಯರು. ಸಕ್ಕರೆ ಮುಳುಗಿದಾಗ ಗೌರ್ಲೆ ಎಂಬ ನಮ್ಮವನೇ ಒಬ್ಬ, ಬಾಳೆಕಾಯಿ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಅದನ್ನು ಸಾಮಾನು ಸಮೇತ ಕೊಂಡ. ಆ ಸಾಮಾನನ್ನು ನೋಡಬೇಕು. ಮಹಾಗನಿಯ ನಾಲ್ಕು ಕಂಬದ ಮಂಚ, ಕಂಬದ ತುದಿಗೆ ಕೆತ್ತಿದ ಅನಾನಸು. ಅದರ ಮೇಲೆ ಮಲಗಬೇಕಾದರೆ ಮೂರು ಮೆಟ್ಟಿಲು ಹತ್ತಬೇಕು. ಒಳಗೆ ಒಂದು ಸಣ್ಣ ಸಂಸಾರ ಹೂಡಬಹುದಾದಂಥ ಬೀರು. ಪಾದರಸ ಉದುರಿ, ನೋಡಿದವರಿಗೆಲ್ಲ ಸಿಡುಬು ಬರಿಸುವ ನಿಲುಗನ್ನಡಿ. ಕಾಲು ನೀಡಿಕೊಳ್ಳಲೆಂದು ತೋಳುಗಳನ್ನು ಉದ್ದಕ್ಕೆ ಎಳೆಯಬಹುದಾದ ಬೆತ್ತದ ಆರಾಮಕುರ್ಚಿ. ಗಾಳಿಗೆ ಮೇಣದಬತ್ತಿ ಆರದಂತೆ ಕವುಚುವ ಗಾಜಿನ ಬುರುಡೆಗಳು. ಇವನ್ನೆಲ್ಲ ಹೊಳೆಸುವುದು ಇಸಿಲ್ಡಾ ಕೆಲಸ. ಒಣ ತೆಂಗಿನ ಸಿಪ್ಪೆಯನ್ನು ಅರ್ಧಕ್ಕೆ ಕೊಯ್ದು ಮಾಡಿದ ಬ್ರಷ್ಷು, ಒಂದು ಮುದ್ದೆ ಜೇನುಮೇಣ, ಎರಡು ಮಂಡಿ. ಆಯುಧಗಳು ಇಷ್ಟೇ. ಅವರು ತಿಕ್ಕಿದ ನೆಲದ ಮೇಲೆ ಜಾರಿ ಬೀಳದ ಪಾದ್ರಿ ಈ ಪ್ರಾಂತ್ಯಕ್ಕೆ ಇನ್ನೂ ಬಂದಿಲ್ಲ.

ಗೌರ್ಲೆ ವಂಶದಲ್ಲಿ ಆ ಮನೆಯಲ್ಲಿ ಕೊನೆಗೆ ಉಳಿದವರು ಮಿಸ್ ಲವಿನಿಯಾ. ಶಾಲೆಯ ಮೇಡಂ. ಅವರ ರೂಲುದೊಣ್ಣೆಗೆ ಊರಿನ ಅರ್ಧ ಜನರ ಬೆರಳಗೆಣ್ಣುಗಳ ಪರಿಚಯವಿತ್ತು. ಕೆಲಸ ಬಿಟ್ಟ ಮೇಲೆ ಆ ಮಂಚದಿಂದಲೇ ರಾಜ್ಯ ಆಳಿದರು. ದಿಂಬಿನ ಪಕ್ಕದಲ್ಲಿ ಹಿತ್ತಾಳೆಯ ಕೈಗಂಟೆ. ಒಂದು ಸಲ ಬಾರಿಸಿದರೆ ಕಾಫಿ, ಎರಡು ಸಲಕ್ಕೆ ಕಿಟಕಿ, ಬಿಡದೆ ಬಾರಿಸಿದರೆ ಯಾರದೋ ಗ್ರಹಚಾರ. ಅವರು ಯಾರೊಂದಿಗೂ ನೇರವಾಗಿ ಮಾತಾಡುತ್ತಿರಲಿಲ್ಲ, ಯಾರ ಮಾತನ್ನೂ ನೇರವಾಗಿ ಕೇಳುತ್ತಿರಲಿಲ್ಲ. ಪಾದ್ರಿ ಎದುರಿಗೇ ನಿಂತಿದ್ದರೂ, "ಇಸಿಲ್ಡಾ, ಪಾದ್ರಿಗಳಿಗೆ ಹೇಳು, ಹೋದ ಭಾನುವಾರದ ಪ್ರಸಂಗ ಉದ್ದವಾಯ್ತು" ಎನ್ನುವರು. ಇಸಿಲ್ಡಾ ಪಾದ್ರಿಯ ಕಡೆ ತಿರುಗಿ, "ಉದ್ದವಾಯ್ತಂತೆ" ಎನ್ನುವರು. ಪಾದ್ರಿ, "ಇನ್ಮೇಲೆ ಚಿಕ್ಕದು ಮಾಡ್ತೀನಿ ಅಂತ ಹೇಳಮ್ಮ" ಎನ್ನುವರು. ಮೂವತ್ತು ವರ್ಷ ಹೀಗೆ ನಡೆಯಿತು.

ಆಮೇಲೆ ಮಿಸ್ ಲವಿನಿಯಾ ತೀರಿಕೊಂಡರು.

ತೀರಿಕೊಂಡವರು ಒಂಬತ್ತನೆಯ ರಾತ್ರಿ ಮನೆಗೆ ಬರುತ್ತಾರೆ. ಹುರಿದ ಮೀನು, ಮರಗೆಣಸಿನ ರೊಟ್ಟಿ, ಬಿಳಿ ರಮ್ಮು, ಹಾಡು ಎಲ್ಲ ಆದ ಮೇಲೆ ಅವರನ್ನು ಮರ್ಯಾದೆಯಿಂದ ಕಳಿಸಿಕೊಟ್ಟು, ಆ ಕ್ಷಣವೇ ಅವರ ಕೋಣೆಯನ್ನು ತಿರುಗಿಸಬೇಕು. ಮಂಚವಿದ್ದಲ್ಲಿ ಮಂಚ ಇರಬಾರದು, ಕುರ್ಚಿಯಿದ್ದಲ್ಲಿ ಕುರ್ಚಿ ಇರಬಾರದು. ಮತ್ತೆಂದಾದರೂ ಬಂದು ಇಣುಕಿದರೆ, "ಓ, ಇದು ನನ್ನ ಕೋಣೆಯಲ್ಲ" ಎಂದು ಹೊರಟುಹೋಗಬೇಕು. ಸಾಮಾನ್ಯ ಮನೆಗಳಲ್ಲಿ ಒಂದು ಮಂಚ ಎಳೆದು ಒಂದು ಸ್ಟೂಲು ಸರಿಸಿದರೆ ಮುಗಿಯಿತು. ಆದರೆ ಇವರು ಮಿಸ್ ಲವಿನಿಯಾ, ಎಳೆಯುವವರೆಲ್ಲ ಅವರ ಹಳೆಯ ವಿದ್ಯಾರ್ಥಿಗಳು. ನಾವು ಯಾವ ಅಪಾಯಕ್ಕೂ ಅವಕಾಶ ಕೊಡಲಿಲ್ಲ. ಕಿಟಕಿಯ ಬಳಿಯಿದ್ದ ಮಂಚವನ್ನು ಕೋಣೆಯ ನಡುವಿಗೆ ತಂದು ಓರೆಯಾಗಿ ಬಿಟ್ಟೆವು. ಕನ್ನಡಿಯ ಮುಖ ಗೋಡೆಗೆ. ಆರಾಮಕುರ್ಚಿಯ ಮುಖವೂ ಗೋಡೆಗೆ. ಮುಖ ತೊಳೆಯುವ ಮೇಜು ಕಿಟಕಿಗೆ ಅಡ್ಡ. ಬೀರುವನ್ನು ಉತ್ತರದ ಗೋಡೆಯಿಂದ ನೂಕಿ ನೂಕಿ ಬಾಗಿಲ ಮೂಲೆಗೆ ಸೇರಿಸಿದೆವು. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಡ್ರಾಯರಿನೊಳಗೆ ಹಾಕಿದೆವು. ಇಸಿಲ್ಡಾ ದೀಪ ಹಿಡಿದು ನಿಂತಿದ್ದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಿಸ್ ಲವಿನಿಯಾ ಮನೆಯನ್ನು ಹಳೆಯ ಮನೆಗಳನ್ನು ಕಾಯುವ ಮಂಡಳಿಯೊಂದಕ್ಕೆ ಬರೆದಿಟ್ಟಿದ್ದರು. ತಿಂಗಳೊಳಗೆ ಮಂಡಳಿಯವರು ಬಂದು, ಆ ಮಹಾತಾಯಿ ಬಿಟ್ಟುಹೋದ ಹಾಗೆಯೇ ಎಲ್ಲವೂ ಇರಬೇಕು, ಒಂದು ಚಮಚವೂ ಅಲುಗಬಾರದು ಎಂದು ಅಪ್ಪಣೆ ಮಾಡಿ, ಕೆಂಪು ಹಗ್ಗ ಕಟ್ಟಿ ಹೋದರು. ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ಮನೆಯೊಳಗೆ ನಿಂತು "ಮೊದಲು ಮಂಚ ಇಲ್ಲಿತ್ತು, ಬೀರು ಅಲ್ಲಿತ್ತು" ಎಂದು ಬಾಯಿಬಿಟ್ಟರೆ ಸತ್ತವರಿಗೆ ದಾರಿ ತೋರಿಸಿದಂತೆಯೇ. ಹೀಗೆ ಒಬ್ಬ ಹೆಂಗಸಿನ ದೆವ್ವವನ್ನು ಏಮಾರಿಸಲು ಹೂಡಿದ ಕೋಣೆಗೆ ಇಡೀ ಜಗತ್ತು ಟಿಕೆಟು ಕೊಂಡು ಏಮಾರಿತು.

ಇದರಿಂದ ಉದ್ಧಾರವಾದವನು ಕ್ಲೋವಿಸ್. ಮಂಚ ಓರೆಯಾಗಿರುವುದು ಯಜಮಾನ ಮಲಗಿದಲ್ಲಿಂದಲೇ ಬಾಗಿಲಿಗೂ ಕಿಟಕಿಗೂ ಗುಂಡು ಹಾರಿಸಲಿಕ್ಕೆ ಅನ್ನುತ್ತಿದ್ದ. ಕನ್ನಡಿ ತಿರುಗಿರುವುದು ಯಜಮಾನಿಯ ರೂಪದ ಕಾರಣಕ್ಕೆ. ಗೋಡೆ ನೋಡುವ ಆ ಕುರ್ಚಿಯಂತೂ ಅವನ ಕಿರೀಟ. "ಇದು ಪಶ್ಚಾತ್ತಾಪದ ಕುರ್ಚಿ. ಗುಲಾಮರನ್ನು ದುಡಿಸಿದ ಪಾಪಕ್ಕೆ ಯಜಮಾನ ದಿನಾ ಸಂಜೆ ಗೋಡೆ ನೋಡುತ್ತ ಇಲ್ಲಿ ಕೂರುತ್ತಿದ್ದ" ಎನ್ನುವಾಗ ಅವನು ಟೋಪಿ ತೆಗೆದು ಎದೆಗೊತ್ತಿಕೊಳ್ಳುತ್ತಿದ್ದ. ನಮ್ಮ ಮುತ್ತಜ್ಜಂದಿರು ಕಂಡ ಯಾವ ಯಜಮಾನನೂ ಅಂಥ ಕೆಲಸಕ್ಕೆ ಒಂದು ಸಂಜೆಯನ್ನೂ ಹಾಳುಮಾಡಿಕೊಂಡದ್ದು ನಮಗೆ ಗೊತ್ತಿಲ್ಲ. ಆದರೂ ಪ್ರವಾಸಿಗಳು ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಹೋದ ವರ್ಷ ಕ್ರಿಸ್ಮಸ್ಸಿನ ತಂಗಾಳಿ ಬೀಸುವ ಹೊತ್ತಿಗೆ, ಹಾಗೆ ಕಣ್ಣೊರೆಸಿಕೊಳ್ಳುವವರ ನಡುವಿನಿಂದ ಕೋಲೂರಿಕೊಂಡು ಬಂದ ಹೆಂಗಸೊಬ್ಬರು, "ಕುರ್ಚಿ ಇಲ್ಲಿರಲಿಲ್ಲ" ಎಂದರು.

"ಅಮ್ಮಾ, ಇನ್ನೂರೈವತ್ತು ವರ್ಷದಿಂದ ಇಲ್ಲೇ ಇದೆ," ಅಂದ ಕ್ಲೋವಿಸ್.

"ನಾನು ಆ ಮಂಚದ ಕಾಲ ಬುಡದಲ್ಲಿ ಚಾಪೆ ಹಾಸ್ಕೊಂಡು ಮಲಗಿ ಬೆಳೆದೋಳಪ್ಪ. ಕುರ್ಚಿ ಕಿಟಕಿ ಕಡೆಗಿತ್ತು. ಅದರಲ್ಲಿ ಕೂರೋಕೆ ಹೋಗಿ ಏಟು ತಿಂದಿದೀನಿ."

ಅವರು ಕೊರಾಲಿ ಗೌರ್ಲೆ, ಮಿಸ್ ಲವಿನಿಯಾರ ತಮ್ಮನ ಮಗಳು. ಅತ್ತೆಯೇ ಸಾಕಿದ್ದು. ಇಪ್ಪತ್ತು ತುಂಬಿದಾಗ ಅತ್ತೆಯೊಂದಿಗೆ ಜಗಳವಾಡಿಕೊಂಡು ಬರ್ಮಿಂಗ್‌ಹ್ಯಾಮಿಗೆ ಹೋಗಿ ನರ್ಸಾದವರು. ಅತ್ತೆಯ ಮಣ್ಣಿಗೂ ಬಂದಿರಲಿಲ್ಲ. ಊರು ಅದನ್ನು ಮರೆತಿರಲಿಲ್ಲ.

ಪ್ರವಾಸಿಗಳು ಹೋದ ಮೇಲೆ ಅವರು ಹಿತ್ತಲಿನ ಅಡುಗೆಮನೆಗೆ ಬಂದರು. ಇಸಿಲ್ಡಾ ಬಾಣಲೆಯಲ್ಲಿ ಬಾಳೆಹಣ್ಣಿನ ಹೋಳು ಕರಿಯುತ್ತಿದ್ದರು. ಕ್ಲೋವಿಸ್‌ನ ಕಿವಿ ಯಾವತ್ತಿನಂತೆ ಕಿಟಕಿಯಲ್ಲಿತ್ತು, ಹಾಗಾಗಿ ನಮಗೆ ಎಲ್ಲ ಗೊತ್ತು.

"ಇಸಿಲ್ಡಾ, ಕೋಣೆ ತಿರುಗಿಸಿದೀರಿ."

"ಹೂಂ, ಮಿಸ್ ಕೊರಾಲಿ. ಒಂಬತ್ತನೇ ರಾತ್ರಿ."

"ಅತ್ತೆ ವಾಪಸ್ ಬರಬಾರದು ಅಂತ."

"ಅದಕ್ಕೇ."

"ನಂಗೆ ಅವರು ಬರಬೇಕು." ಕೊರಾಲಿ ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು. "ಒಂದೇ ಒಂದು ಮಾತು ಹೇಳೋದಿದೆ. ಇನ್ನೊಂದ್ಸಲ ಬರೋಕೆ ಈ ಮಂಡಿ ಬಿಡಲ್ಲ. ಕೋಣೆ ಹೇಗಿತ್ತೋ ಹಾಗೆ ಮಾಡಿಸು. ಒಂದು ರಾತ್ರಿ ಅಲ್ಲಿ ಮಲಗಿ ಹೋಗ್ತೀನಿ. ಅವರಿಗೆ ಗುರುತು ಸಿಗಲಿ."

"ಬೆಳಗ್ಗೆ ನೀವು ವಿಮಾನ ಹತ್ತಿ ಹೋಗ್ತೀರಿ. ಅವರು ಬಂದು ಇಲ್ಲೇ ಉಳ್ಕೊಂಡ್ರೆ? ಪಕ್ಕದ ಕೋಣೇಲಿ ಮಲಗೋಳು ನಾನು."

"ಅದಕ್ಕೇ ಮಂಡಳಿಯವರನ್ನ ಕೇಳೋ ಮುಂಚೆ ನಿನ್ನನ್ನ ಕೇಳ್ತಿರೋದು."

ಇಸಿಲ್ಡಾ ಬಾಳೆಹಣ್ಣಿನ ಹೋಳುಗಳನ್ನು ಒಂದೊಂದಾಗಿ ಮಗುಚಿದರು. ಆಮೇಲೆ, "ಬೀರೂನೂ ಮೊದಲಿನ ಜಾಗಕ್ಕೇ ಹೋಗ್ಬೇಕಾ?" ಎಂದರು.

"ಎಲ್ಲಾನೂ."

"ಹಾಗಾದ್ರೆ ಆಗಲಿ."

ಮಂಡಳಿಯವರು ಮನೆತನದವರೇ ಹೇಳಿದ ಮೇಲೆ ನಮ್ಮದೇನಿದೆ ಎಂದು ಫೋನಿನಲ್ಲೇ ಒಪ್ಪಿದರು. ಉಳಿದದ್ದು ಮಂಚ ಎತ್ತುವವರ ಪ್ರಶ್ನೆ. ಸಂಜೆ ಯುರಾಯನ ಅಂಗಡಿಯ ಜಗಲಿಯಲ್ಲಿ ಡಾಮಿನೊ ಆಟದ ಬಿಲ್ಲೆಗಳನ್ನು ಮೇಜಿಗೆ ಬಡಿಯುತ್ತ ಊರು ಚರ್ಚೆ ಮಾಡಿತು.

"ನಾನಂತೂ ಬರಲ್ಲ," ಅಂದ ಯುರಾಯ. "ಏಳರ ಮಗ್ಗಿ ಇನ್ನೂ ಒಪ್ಪಿಸಿಲ್ಲ. ಬಂದ ತಕ್ಷಣ ಅದನ್ನೇ ಕೇಳ್ತಾರೆ."

"ಮೊಮ್ಮಕ್ಕಳಾದವು ನಿಂಗೆ. ಇನ್ನೂ ಏಳರ ಮಗ್ಗಿ ಬರಲ್ವೇನೋ?" ಅಂದೆ ನಾನು.

"ಅಂಗಡಿ ಯಾಪಾರಕ್ಕೆ ಆರರವರೆಗೆ ಸಾಕು."

"ನಿಮ್ಮದೆಲ್ಲ ಬಿಡಿ," ಅಂದ ಕ್ಲೋವಿಸ್. "ಪಶ್ಚಾತ್ತಾಪದ ಕುರ್ಚಿ ಕಿಟಕಿ ಕಡೆ ತಿರುಗಿದ್ರೆ ನಾನೇನ್ ಹೇಳ್ಲಿ? ಯಜಮಾನ ಗಾಳಿಗೆ ಕೂತಿದ್ದ ಅಂತಲಾ? ಅದಕ್ಕೆ ಯಾರಾದ್ರೂ ಅಳ್ತಾರಾ?"

ಅಷ್ಟರಲ್ಲಿ ಇಸಿಲ್ಡಾ ಬಂದರು. "ನಾಳೆ ಮಧ್ಯಾಹ್ನ ಆರು ಜನ ಗಂಡಸರು ಬೇಕು," ಎಂದರು. ಗಂಡಸರೆಲ್ಲ ತಮ್ಮ ತಮ್ಮ ಬಿಲ್ಲೆಗಳ ಚುಕ್ಕೆ ಎಣಿಸತೊಡಗಿದರು.

"ಯಾರೂ ಬರಲ್ವಾ? ಆಯ್ತಪ್ಪ. ಒಂದು ಮಾತು ಹೇಳಿ ಹೋಗ್ತೀನಿ. ಮಿಸ್ ಲವಿನಿಯಾ ಎಂದಾದ್ರೂ ಬರೋರೇ. ಬಂದೋರು ಮೊದಲು ಕೇಳೋದು, ನನ್ನ ಮಂಚ ಅಡ್ಡ ಎಳೆದೋರು ಯಾರು ಅಂತ. ನಾನು ಹೆಸರು ಹೇಳ್ಬೇಕಾಗತ್ತೆ. ಅವರಿಗೆ ಸುದ್ದಿ ಮುಟ್ಟಿಸೋದು ಯಾವಾಗ್ಲೂ ನನ್ನ ಕೆಲಸವೇ ಅಲ್ವಾ."

ಮರುದಿನ ಎಂಟು ಜನ ಹೋದೆವು.

ಯೆರಿಕೋವಿನ ಗೋಡೆ ಕೆಡವಲು ತುತ್ತೂರಿ ಊದಿದರೆ ಸಾಕಾಯಿತು. ಈ ಮಂಚಕ್ಕೆ ಏನು ಊದಿದರೂ ನಡೆಯಲಿಲ್ಲ. ಮಹಾಗನಿ ಎಂದರೆ ಮರವಲ್ಲ, ಹಠ. ಮೊದಲು ಯುರಾಯ ಕೋಣೆಯ ನಾಲ್ಕು ಮೂಲೆಗೂ ಬಿಳಿ ರಮ್ಮು ಚಿಮುಕಿಸಿದ, ಐದನೆಯ ಮೂಲೆಯೆಂದು ತನ್ನ ಗಂಟಲನ್ನೂ ಸೇರಿಸಿಕೊಂಡ. ಇಸಿಲ್ಡಾ ತೆಂಗಿನ ಬ್ರಷ್ಷನ್ನು ಸೇನಾಪತಿಯ ಕೋಲಿನಂತೆ ಆಡಿಸುತ್ತ ನಡುವೆ ನಿಂತರು. ಕಿಟಕಿಯ ಬಳಿ ಹಲಗೆಯಲ್ಲಿ ಮಂಚದ ಕಾಲುಗಳು ನೂರಾರು ವರ್ಷ ಊರಿದ್ದ ಗುಳಿಗಳು ಹಾಗೇ ಇದ್ದವು. ಹಳೆಯ ಚಪ್ಪಲಿಗೆ ಪಾದ ಹೋಗುವಂತೆ ಕಾಲುಗಳು ಅಲ್ಲಿ ಹೋಗಿ ಕೂತವು. ಬೀರು ನಮ್ಮಲ್ಲಿ ಇಬ್ಬರ ಸೊಂಟ ಹಿಡಿಸಿಯೇ ಉತ್ತರದ ಗೋಡೆಗೆ ಹೋದದ್ದು. ಕನ್ನಡಿ ತಿರುಗಿಸಿದಾಗ ಏಳು ಜನ ಕಣ್ಣು ಮುಚ್ಚಿಕೊಂಡರು, ಕ್ಲೋವಿಸ್ ತಲೆ ಬಾಚಿಕೊಂಡ. ಕೊನೆಗೆ ಕೊರಾಲಿ ಡ್ರಾಯರಿನಿಂದ ಗಂಟೆ ತೆಗೆದು, ನಾಲಗೆಗೆ ಸುತ್ತಿದ ಬಟ್ಟೆ ಬಿಚ್ಚಿ, ದಿಂಬಿನ ಪಕ್ಕ ಇಟ್ಟರು. ನಾವು ಕೂಲಿಯ ಮಾತನ್ನೂ ಎತ್ತದೆ ಮನೆ ಸೇರಿದೆವು. ಅಂದು ಊರಿನ ಮನೆಮನೆಯಲ್ಲೂ ತಲೆದಿಂಬಿನ ಬಳಿ ಬೈಬಲ್ಲು ಕೀರ್ತನೆಗಳ ಪುಟಕ್ಕೆ ತೆರೆದುಕೊಂಡಿತ್ತು. ಯುರಾಯನ ಮನೆಯಿಂದ ಮಾತ್ರ ಏಳೊಂದ್ಲ ಏಳು ಕೇಳಿಸುತ್ತಿತ್ತು.

ಬೆಳಗಾಯಿತು. ಮಂಜು ಇನ್ನೂ ಕಬ್ಬಿನ ಗದ್ದೆಯಿಂದ ಎದ್ದಿರಲಿಲ್ಲ. ಗಂಟೆ ಬಾರಿಸಿತು.

ಒಂದೇ ಒಂದು ಸಲ. ಆದರೆ ಆ ಸದ್ದನ್ನು ಇಪ್ಪತ್ತು ವರ್ಷ ಯಾರೂ ಕೇಳಿರಲಿಲ್ಲ, ಮರೆತೂ ಇರಲಿಲ್ಲ. ಹುಂಜಗಳು ಕೂಗು ನುಂಗಿಕೊಂಡವು. ಪಾದ್ರಿ ಕ್ಷೌರ ಅರ್ಧಕ್ಕೆ ನಿಲ್ಲಿಸಿದರು. ಯುರಾಯ ಹಾಸಿಗೆಯಿಂದೆದ್ದು ಕೈಕಟ್ಟಿ ನಿಂತ. ಇಸಿಲ್ಡಾ ಮಾತ್ರ "ಬಂದೇ" ಎಂದು ಕಾಫಿಗೆ ನೀರಿಟ್ಟರು.

ಮುಂದಿನದನ್ನು ಕಂಡವನು ಕ್ಲೋವಿಸ್. ಅವನು ತನ್ನ ಕುರ್ಚಿಯ ಚಿಂತೆಯಲ್ಲಿ ನಿದ್ದೆ ಬಾರದೆ, ಕಿಟಕಿಯ ಹೊರಗಿನ ದೀವಿಹಲಸಿನ ಮರ ಹತ್ತಿ ಕೂತಿದ್ದ. ಇಸಿಲ್ಡಾ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಮೆಟ್ಟಿಲೇರಿ ಬಂದದ್ದು ಓರೆ ತೆರೆದಿದ್ದ ಬಾಗಿಲ ಸಂದಿಯಲ್ಲಿ ಅವನಿಗೆ ಕಂಡಿತು. ಬಾಗಿಲ ಬಳಿ ಯಾವತ್ತಿನಂತೆ ತಿರುಗಿದರು, ಉಸಿರೆಳೆದುಕೊಂಡರು, ಇಪ್ಪತ್ತು ವರ್ಷದ ಅಭ್ಯಾಸದ ಬಲವನ್ನೆಲ್ಲ ಬೆನ್ನಿಗೆ ಕೊಟ್ಟು ಒತ್ತಿದರು. ಬಾಗಿಲು ಒಳಗಿನಿಂದ ಯಾರೋ ಹಿಡಿದೆಳೆದ ಹಾಗೆ ಪಟಾರನೆ ತೆರೆದುಕೊಂಡಿತು. ಇಸಿಲ್ಡಾ ತಾವೇ ಮೇಣ ತಿಕ್ಕಿದ ನೆಲದ ಮೇಲೆ, ಕಟ್ಟೆಯಿಂದ ನೀರಿಗಿಳಿಸಿದ ಹಡಗಿನಂತೆ ಹಿಮ್ಮುಖವಾಗಿ ಸಾಗಿ, ಯಾವ ಕೆಲಸದವರೂ ಎಂದೂ ಕೂರದ ಆ ಆರಾಮಕುರ್ಚಿಯಲ್ಲಿ ಹೋಗಿ ಬಿದ್ದರು. ಕಾಲೆರಡೂ ಕುರ್ಚಿಯ ಉದ್ದ ತೋಳುಗಳ ಮೇಲೆ. ತಟ್ಟೆ ಮಡಿಲಲ್ಲಿ. ಒಂದು ಹನಿ ಕಾಫಿ ಚೆಲ್ಲಲಿಲ್ಲ.

ಮಂಚದ ಮೇಲಿದ್ದವರು ಕೊರಾಲಿ, ಬೇರೆ ಯಾರೂ ಅಲ್ಲ.

"ಅತ್ತೆ ಬರಲಿಲ್ಲ, ಇಸಿಲ್ಡಾ. ಬೆಳಗಾಗೋವರೆಗೂ ಕಾದೆ."

"ಗಂಟೆ ಬಾರಿಸಿದ್ದು ಮತ್ಯಾರು?"

"ನಾನೇ. ಚಿಕ್ಕವಳಿದ್ದಾಗ ಮುಟ್ಟೋಕೂ ಬಿಡ್ತಿರಲಿಲ್ಲ. ಬಾರಿಸಿದ್ರೆ ಬೈಯೋಕಾದ್ರೂ ಬರ್ತಾರೇನೋ ಅಂತ."

ಇಸಿಲ್ಡಾ ಕುರ್ಚಿಯಿಂದ ಏಳಲು ನೋಡಿದರು, ಆಗಲಿಲ್ಲ. ಹಾಗೆಯೇ ಮಲಗಿಕೊಂಡು ಮಾತಾಡಿದರು. "ನೋಡಿ ಮಿಸ್ ಕೊರಾಲಿ. ಬದುಕಿದ್ದಾಗಲೂ ಅವರು ಯಾರ ಮಾತನ್ನೂ ನೇರವಾಗಿ ಕೇಳಿದೋರಲ್ಲ. ಎಲ್ಲ ನನ್ನ ಕೈಲೇ ಹೋಗ್ತಿತ್ತು. ಈಗ ಹೇಗೆ ಕೇಳ್ತಾರೆ? ನೀವು ಹೇಳೋದಿದ್ದದ್ದನ್ನ ನಂಗೆ ಹೇಳಿ. ನಂಗೂ ವಯಸ್ಸಾಯ್ತು. ಅಲ್ಲಿಗೆ ಹೋದಾಗ ಹೇಳ್ತೀನಿ."

ಕೊರಾಲಿ ಗಂಟೆಯ ನಾಲಗೆಯನ್ನು ಬೆರಳಲ್ಲಿ ಒತ್ತಿಹಿಡಿದರಂತೆ. ಆಮೇಲೆ ಮಂಚದಿಂದ ಬಗ್ಗಿ, ಮೆಲ್ಲನೆ, ಒಂದು ಮಾತು ಹೇಳಿದರಂತೆ. ಅದನ್ನು ಕೇಳಲೆಂದು ಕ್ಲೋವಿಸ್ ಇನ್ನೊಂದು ಕೊಂಬೆಗೆ ಸರಿದ. ಕೊಂಬೆ ಮುರಿಯಿತು. ಆದ್ದರಿಂದ ಆ ಮಾತು ಏನೆಂದು ಟ್ರಿಲಾನಿಯಲ್ಲಿ ಯಾರಿಗೂ ಗೊತ್ತಿಲ್ಲ. ನೆಲದಲ್ಲಿ ಬಿದ್ದಲ್ಲಿಂದ ಅವನಿಗೆ ಕೇಳಿಸಿದ್ದು ಇಷ್ಟು.

"ಅಷ್ಟೇನಾ?"

"ಅಷ್ಟೇ."

"ನೆನಪಿರತ್ತೆ. ಕಾಫಿ ಕುಡೀರಿ, ಆರೋಗತ್ತೆ. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿ."

ಕೊರಾಲಿ ಹೊರಡುವಾಗ ಕೋಲನ್ನು ಕೈಯಲ್ಲಿ ಹಿಡಿದಿದ್ದರು, ಊರುತ್ತಿರಲಿಲ್ಲ. ಕಾರು ತಿರುವು ದಾಟುವ ಮೊದಲೇ ಊರು ಪೇಷನ್ಸ್ ಹಾಲಿನ ಮುಂದೆ ಸೇರಿತು. ಕೋಣೆಯನ್ನು ಕೂಡಲೇ ಮತ್ತೆ ತಿರುಗಿಸಬೇಕು, ಈ ಸಲ ಹತ್ತು ಜನ ಬರುತ್ತೇವೆ ಎಂದೆವು. ಇಸಿಲ್ಡಾ ಒಪ್ಪಲಿಲ್ಲ. ಕೋಣೆ ಇಂದಿಗೂ ಮಿಸ್ ಲವಿನಿಯಾ ಇದ್ದಾಗಿನಂತೆಯೇ ಇದೆ, ಬಂದರೆ ಕಣ್ಣುಮುಚ್ಚಿ ಗುರುತು ಹಿಡಿಯಬಹುದು. ಇಸಿಲ್ಡಾ ಈಗ ಅದನ್ನು ಮುಖ ಮುಂದಾಗಿ, ಹಾಡು ಗುನುಗುತ್ತ ಹೊಗುತ್ತಾರೆ. ದೆವ್ವವೇ ಬಾಗಿಲು ತೆರೆದು, ಬನ್ನಿ ಎಂದು ಕುರ್ಚಿ ಕೊಟ್ಟಿತೆಂದು ಕ್ಲೋವಿಸ್ ಪ್ರವಾಸಿಗಳಿಗೆ ಹೇಳುತ್ತಾನೆ. ಮುರಿದ ಕೈಯನ್ನು ಸಾಕ್ಷಿಗೆ ತೋರಿಸುತ್ತಾನೆ. ಜನ ಮೊದಲಿಗಿಂತ ಹೆಚ್ಚು ಅಳುತ್ತಾರೆ. ಸತ್ತವರೊಂದಿಗೆ ರಾಜಿ ಮಾಡಿಕೊಂಡ ವೀರಾಂಗನೆ ಎಂದು ಪಾದ್ರಿ ಎರಡು ಭಾನುವಾರ ಸಾರಿದರು, ಪ್ರಸಂಗ ಮತ್ತೆ ಉದ್ದವಾಯಿತು.

ಮೊನ್ನೆ ಯುರಾಯನ ಅಂಗಡಿಯಲ್ಲಿ ಅವರು ಉಪ್ಪುಮೀನು ಆರಿಸುತ್ತಿದ್ದರು. ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಮಿಸ್ ಇಸಿಲ್ಡಾ, ನಿಜ ಹೇಳಿ. ಇಪ್ಪತ್ತು ವರ್ಷ ಆ ಕೋಣೆಗೆ ಮುಖ ತೋರಿಸದೆ ಹೋಗ್ತಿದ್ದೋರು ನೀವು. ಈಗ ಅವರು ಯಾವಾಗ ಬೇಕಾದ್ರೂ ಬರಬಹುದು ಅಂತ ಗೊತ್ತಿದ್ದೂ ನೆಟ್ಟಗೆ ಹೋಗ್ತೀರಿ. ಇಷ್ಟು ಧೈರ್ಯ ಎಲ್ಲಿಂದ ಬಂತು?"

ಡಾಮಿನೊ ನಿಂತಿತು. ಯುರಾಯ ತಕ್ಕಡಿ ಕೆಳಗಿಟ್ಟ. ಇಸಿಲ್ಡಾ ಮೀನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಧೈರ್ಯ ಎಂಥದ್ದು? ನೀವೆಲ್ಲ ಸೇರ್ಕೊಂಡು ಬೀರುನ ಬಾಗಿಲ ಹಿಂದೆ ತಂದಿಟ್ರಿ. ಅದಕ್ಕೆ ತಾಗಿ ಬಾಗಿಲು ಅರ್ಧಕ್ಕೇ ಬಿಗೀತಿತ್ತು. ಒಂದು ಕೈಲಿ ಬಕೆಟ್ಟು, ಒಂದು ಕೈಲಿ ಬ್ರಷ್ಷು. ಬೆನ್ನಲ್ಲಿ ತಳ್ಳದೆ ಇನ್ಯಾತರಲ್ಲಿ ತಳ್ಳಲಿ? ಈಗ ಪೂರ್ತಿ ತೆಗಿಯತ್ತೆ. ಯುರಾಯ, ಬಾಲ ಬೇಡ ಕಣೋ, ನಡುವಿನ ತುಂಡು ಕೊಡು."